ಕೋಡಿಂಗ್ ಅಭ್ಯಾಸದ ತಾಣ ಮುಚ್ಚುತ್ತಿದೆ ಎಂದಾಗ: ಏನನ್ನು ಉಳಿಸಬೇಕು, ಹೇಗೆ?

2023ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಕೋಡ್ ಜಾಮ್, ಕಿಕ್ ಸ್ಟಾರ್ಟ್, ಹ್ಯಾಶ್ ಕೋಡ್ ಸ್ಪರ್ಧೆಗಳನ್ನು ನಿಲ್ಲಿಸುವುದಾಗಿ ಹೇಳಿತು. ಏಪ್ರಿಲ್ 15ರಂದು ಬೀಳ್ಕೊಡುಗೆಯ ಸುತ್ತುಗಳು ನಡೆದವು. 2003ರಲ್ಲಿ ಶುರುವಾಗಿದ್ದ ಕೋಡ್ ಜಾಮ್ ಅಲ್ಲಿಗೆ ಮುಗಿಯಿತು. ಪ್ಲೇಸ್‌ಮೆಂಟ್ ತಯಾರಿಗೆಂದು ಕಿಕ್ ಸ್ಟಾರ್ಟ್‌ನ ಹಳೆಯ ಲೆಕ್ಕಗಳನ್ನು ಬಿಡಿಸುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮಟ್ಟಿಗೆ ಒಂದು ಸಮಾಧಾನವಿತ್ತು. ಪ್ರಶ್ನೆ, ಬಿಡಿಸುವ ವಿವರಣೆ, ಟೆಸ್ಟ್ ಡೇಟಾ ಮೂರನ್ನೂ ಕಂಪನಿ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಇಟ್ಟು ಹೋಯಿತು.

ಸಮುದಾಯದ ತಾಣಗಳಿಗೆ ಈ ಭಾಗ್ಯ ಅಪರೂಪ. ಅವುಗಳ ಹಿಂದೆ ಹೆಚ್ಚಾಗಿ ಒಬ್ಬರೋ ಇಬ್ಬರೋ ಇರುತ್ತಾರೆ. ಸರ್ವರ್ ಬಾಡಿಗೆ ಅವರ ಕೈಯಿಂದಲೇ ಹೋಗುತ್ತಿರುತ್ತದೆ. ಕೆಲಸ ಬದಲಾಯಿತು, ಮನೆಯಲ್ಲಿ ಜವಾಬ್ದಾರಿ ಹೆಚ್ಚಿತು, ಹಳೆಯ ಸಾಫ್ಟ್‌ವೇರ್‌ನಲ್ಲಿ ಭದ್ರತೆಯ ತೂತು ಕಂಡಿತು, ಸರಿಪಡಿಸಲು ಪುರುಸೊತ್ತಿಲ್ಲ. ಒಂದು ದಿನ ಮುಖಪುಟದ ಮೇಲೆ ಎರಡು ಸಾಲು ಕಾಣುತ್ತದೆ: ತಿಂಗಳ ಕೊನೆಗೆ ಮುಚ್ಚುತ್ತೇವೆ, ಇಷ್ಟು ದಿನ ಜೊತೆಗಿದ್ದುದಕ್ಕೆ ಧನ್ಯವಾದ. ಆ ಎರಡು ಸಾಲು ಓದಿದವರು ಮೊದಲು ಮಾಡುವ ಕೆಲಸ ಪುಟಗಳನ್ನೆಲ್ಲ ಡೌನ್‌ಲೋಡ್ ಮಾಡುವುದು. ಅದು ಬೇಕಾದ ಕೆಲಸವೇ. ಆದರೆ ಅದರಿಂದ ಉಳಿಯುವುದು ತಾಣದ ಸಣ್ಣ ಪಾಲು.

## ತಾಣದೊಳಗೆ ಇರುವುದೇನು

ಒಂದು ಬೋರ್ಡ್ ಪರೀಕ್ಷೆಯನ್ನು ನೆನೆಯಿರಿ. ಪ್ರಶ್ನೆಪತ್ರಿಕೆ ಎಲ್ಲರ ಕೈಗೂ ಬರುತ್ತದೆ. ಕೀ ಉತ್ತರ ಒಳಗೆ ಬೀಗ ಹಾಕಿ ಇಟ್ಟಿರುತ್ತದೆ. ಮೌಲ್ಯಮಾಪಕರು ಉತ್ತರಪತ್ರಿಕೆಯನ್ನು ಕೀ ಉತ್ತರದ ಪಕ್ಕ ಇಟ್ಟು ಅಂಕ ಕೊಡುತ್ತಾರೆ. ನಕಲು ನಡೆಯದಂತೆ ಪರೀಕ್ಷಾ ಕೊಠಡಿಗೆ ಕಾವಲು ಇರುತ್ತದೆ.

ಕೋಡಿಂಗ್ ತಾಣದಲ್ಲೂ ಇವೇ ನಾಲ್ಕು ಇರುತ್ತವೆ. ಪ್ರಶ್ನೆಪತ್ರಿಕೆಯೆಂದರೆ ಲೆಕ್ಕದ ವಿವರ, ಇನ್‌ಪುಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ, ಒಂದೆರಡು ಮಾದರಿ. ಕೀ ಉತ್ತರವೆಂದರೆ ಟೆಸ್ಟ್ ಡೇಟಾ, ಅಂದರೆ ಯಾರಿಗೂ ತೋರಿಸದ ಹತ್ತಾರು ಇನ್‌ಪುಟ್ ಫೈಲ್‌ಗಳು ಮತ್ತು ಪ್ರತಿಯೊಂದಕ್ಕೂ ಸರಿಯಾದ ಔಟ್‌ಪುಟ್. ಮೌಲ್ಯಮಾಪಕರ ಜಾಗದಲ್ಲಿ ಚೆಕರ್ ಎಂಬ ಸಣ್ಣ ಪ್ರೋಗ್ರಾಂ ಇರುತ್ತದೆ. ಕಾವಲಿನ ಕೊಠಡಿಯನ್ನು ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ: ಯಾರೋ ಬರೆದ ಕೋಡನ್ನು ಓಡಿಸುವಾಗ ಅದು ಸರ್ವರ್‌ನ ಬೇರೆ ಫೈಲ್‌ಗಳನ್ನು ಮುಟ್ಟದಂತೆ, ನೆಟ್‌ವರ್ಕ್‌ಗೆ ಹೋಗದಂತೆ, ಕೊಟ್ಟ ಸಮಯ ಮತ್ತು ಮೆಮೊರಿ ಮೀರದಂತೆ ಹಿಡಿದಿಡುವ ವ್ಯವಸ್ಥೆ. ಚೆಕರ್, ಸ್ಯಾಂಡ್‌ಬಾಕ್ಸ್, ಬಂದ ಉತ್ತರಗಳನ್ನು ಸಾಲಾಗಿ ನಿಲ್ಲಿಸುವ ಸರದಿ ಎಲ್ಲ ಸೇರಿದ್ದನ್ನು ಬಳಕೆಯಲ್ಲಿ ‘ಜಡ್ಜ್’ ಎನ್ನುತ್ತಾರೆ.

ಇವುಗಳ ಜೊತೆಗೆ ಡೇಟಾಬೇಸ್‌ನಲ್ಲಿ ಬಳಕೆದಾರರ ಖಾತೆಗಳು, ಅವರು ಕಳಿಸಿದ ಉತ್ತರಗಳು, ರ‍್ಯಾಂಕ್ ಪಟ್ಟಿ, ಯಾವ ಲೆಕ್ಕ ಯಾವ ವಿಷಯಕ್ಕೆ ಸೇರಿದ್ದು ಎಂಬ ವರ್ಗೀಕರಣ ಇರುತ್ತದೆ. ಈ ವರ್ಗೀಕರಣವನ್ನು ಎಲ್ಲರೂ ಮರೆಯುತ್ತಾರೆ. ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕ್ರಮವೇ ಎಷ್ಟೋ ತಾಣಗಳ ನಿಜವಾದ ಆಸ್ತಿ.

ಹೊರಗಿನಿಂದ ಬ್ರೌಸರ್‌ಗೆ ಕಾಣುವುದು ಪ್ರಶ್ನೆಪತ್ರಿಕೆ ಮಾತ್ರ. ಉಳಿದದ್ದು ನಡೆಸುವವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

## ಮೊದಲು ಬರೆಯಬೇಕಾದ ಪತ್ರ

ಹಾಗಾಗಿ ಡೌನ್‌ಲೋಡ್‌ಗೆ ಕೈ ಹಾಕುವ ಮೊದಲು ನಡೆಸುವವರಿಗೆ ಪತ್ರ ಬರೆಯಬೇಕು. ‘ದಯವಿಟ್ಟು ಮುಚ್ಚಬೇಡಿ’ ಎಂಬ ಪತ್ರಗಳು ಅವರಿಗೆ ಈಗಾಗಲೇ ನೂರು ಬಂದಿರುತ್ತವೆ. ದಣಿದವರಿಗೆ ಅವು ಇನ್ನಷ್ಟು ದಣಿವು. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವನ್ನು ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಕೇಳಬೇಕಾದ್ದು ಇಷ್ಟು. ಟೆಸ್ಟ್ ಡೇಟಾ ಮತ್ತು ಚೆಕರ್ ಇರುವ ಫೋಲ್ಡರ್‌ನ ಒಂದು ಜಿಪ್. ಲೆಕ್ಕಗಳ ಟೇಬಲ್‌ನ ಡಂಪ್, ಅಂದರೆ ಡೇಟಾಬೇಸ್‌ನಿಂದ ಹೊರತೆಗೆದ ಪ್ರತಿ. ಇದರಲ್ಲಿ ಸಮಯದ ಮಿತಿ, ಮೆಮೊರಿ ಮಿತಿ, ವರ್ಗೀಕರಣ, ಲೆಕ್ಕ ಬರೆದವರ ಹೆಸರು ಇರಲಿ. ಬಳಕೆದಾರರ ಟೇಬಲ್ ಬೇಡ ಎಂದು ನೀವೇ ಮುಂಚಿತವಾಗಿ ಹೇಳಿಬಿಡಿ. ತಾಣದ ಸೋರ್ಸ್ ಕೋಡ್ ಕೊಡಬಹುದೇ? ಯಾವ ಲೈಸೆನ್ಸ್‌ನಲ್ಲಿ? ಇನ್ನು, ಡೊಮೇನ್ ಹೆಸರನ್ನು ಬೇರೆಯವರಿಗೆ ವರ್ಗಾಯಿಸಲು ಒಪ್ಪುತ್ತಾರೆಯೇ?

ಲೈಸೆನ್ಸ್ ಪ್ರಶ್ನೆಗೆ ಬರಹದಲ್ಲೇ ಉತ್ತರ ಪಡೆಯಿರಿ. ಫೋನ್‌ನಲ್ಲಿ ‘ಅಯ್ಯೋ, ತಗೊಳ್ಳಿ ಬಿಡಿ’ ಎಂದದ್ದು ಮೂರು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಇ-ಮೇಲ್‌ನ ಒಂದು ಸಾಲು ಸಾಕು.

ಡಂಪ್ ತೆಗೆಯುವಾಗ ಒಂದು ಎಚ್ಚರಿಕೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಹಳೆಯ ‘ಯುಟಿಎಫ್8’ ಎಂಬ ಆಯ್ಕೆ ಹೆಸರಿಗಷ್ಟೇ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ); ಒಂದು ಅಕ್ಷರಕ್ಕೆ ಮೂರು ಬೈಟ್‌ಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಕನ್ನಡ ಅಕ್ಷರಗಳು ಮೂರು ಬೈಟ್‌ನೊಳಗೆ ಮುಗಿಯುತ್ತವೆ, ಬಚಾವ್. ಎಮೋಜಿಗೂ ಕೆಲವು ಗಣಿತ ಚಿಹ್ನೆಗಳಿಗೂ ನಾಲ್ಕು ಬೇಕು. ‘ಯುಟಿಎಫ್8ಎಂಬಿ4’ ಎಂದು ಹೇಳಿ ಡಂಪ್ ತೆಗೆಯುವುದು ಕ್ಷೇಮ. ಡಂಪ್ ಕೈಗೆ ಬಂದ ದಿನವೇ ಬೇರೆ ಯಂತ್ರದಲ್ಲಿ ತೆರೆದು ನೋಡಿ. ಅರ್ಧಕ್ಕೆ ನಿಂತ ಫೈಲ್ ಎಂದು ತಾಣ ಮುಚ್ಚಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

## ಹೊರಗಿನಿಂದ ಪುಟ ಇಳಿಸುವುದು

ಉತ್ತರ ಬರಲಿ, ಬಿಡಲಿ, ಈ ಕೆಲಸ ಜೊತೆಜೊತೆಗೆ ನಡೆಯಬೇಕು. ತೀರ ಸುಲಭದ ದಾರಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್. ಅಲ್ಲಿನ ‘ಸೇವ್ ಪೇಜ್ ನೌ’ ಪೆಟ್ಟಿಗೆಯಲ್ಲಿ ವಿಳಾಸ ಹಾಕಿದರೆ ಆ ಪುಟದ ಅಂದಿನ ಪ್ರತಿ ಉಳಿಯುತ್ತದೆ. ಖಾತೆ ತೆರೆದು ಲಾಗಿನ್ ಆದರೆ, ಪುಟದಿಂದ ಹೊರಡುವ ಲಿಂಕ್‌ಗಳನ್ನೂ ಉಳಿಸುವ ಆಯ್ಕೆ ಸಿಗುತ್ತದೆ. ಲೆಕ್ಕಗಳ ಪಟ್ಟಿ ಇರುವ ಪುಟಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಅದೊಂದನ್ನೇ ನಂಬಿ ಕೂರಬಾರದು. 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೇ ದಾಳಿ ನಡೆದು, ಮೂರು ಕೋಟಿಗೂ ಹೆಚ್ಚು ಖಾತೆಗಳ ಮಾಹಿತಿ ಸೋರಿ, ವೇಬ್ಯಾಕ್ ಮಷಿನ್ ಕೆಲವು ದಿನ ನಿಂತೇ ಹೋಗಿತ್ತು. ನಿಮ್ಮ ಕೈಯಲ್ಲೂ ಒಂದು ಪ್ರತಿ ಇರಬೇಕು.

ಅದಕ್ಕೆ ಹಳೆಯ, ನಂಬಿಕಸ್ಥ ಸಾಧನ ಡಬ್ಲ್ಯೂಗೆಟ್. ನಾಲ್ಕು ಆಯ್ಕೆಗಳನ್ನು ಒಟ್ಟಿಗೆ ಕೊಡಬೇಕು: ಲಿಂಕ್ ಹಿಡಿದು ಇಡೀ ತಾಣ ಇಳಿಸುವ ‘ಮಿರರ್’, ಚಿತ್ರ ಮತ್ತು ಸ್ಟೈಲ್ ಫೈಲ್‌ಗಳನ್ನೂ ತರುವ ‘ಪೇಜ್ ರಿಕ್ವಿಸಿಟ್ಸ್’, ಎರಡು ಬೇಡಿಕೆಗಳ ನಡುವೆ ಬಿಡುವು ಕೊಡುವ ‘ವೇಟ್’, ಬಂದದ್ದನ್ನೆಲ್ಲ ವಾರ್ಕ್ ಫೈಲಿಗೆ ಬರೆಯುವ ‘ವಾರ್ಕ್ ಫೈಲ್’. ವಾರ್ಕ್ ಎಂದರೆ ವೆಬ್ ಸಂಗ್ರಹಕ್ಕೆಂದೇ ಇರುವ ಅಂತರರಾಷ್ಟ್ರೀಯ ಮಾನಕ, ಐಎಸ್‌ಒ 28500. ಮಾಮೂಲಿ ನಕಲು ಪುಟವನ್ನಷ್ಟೇ ಇಡುತ್ತದೆ. ವಾರ್ಕ್ ಯಾವ ವಿಳಾಸಕ್ಕೆ, ಯಾವ ಕ್ಷಣದಲ್ಲಿ ಏನು ಕೇಳಿದೆವು, ಸರ್ವರ್ ಏನು ಹೇಳಿತು ಎಂಬುದನ್ನೂ ಸೇರಿಸಿ ಇಡುತ್ತದೆ. ಕಾಗದದ ಜೊತೆ ಅದರ ಲಕೋಟೆ, ಅಂಚೆ ಮುದ್ರೆಯನ್ನೂ ಇಟ್ಟುಕೊಂಡ ಹಾಗೆ. ಮುಂದೆ ರಿಪ್ಲೇವೆಬ್ ಪೇಜ್‌ನಂಥ ಸಾಧನದಲ್ಲಿ ಆ ಫೈಲ್ ತೆರೆದರೆ ತಾಣದೊಳಗೆ ಮೊದಲಿನಂತೆಯೇ ಓಡಾಡಬಹುದು.

ಬಿಡುವು ಎಷ್ಟಿರಬೇಕು? ಒಂದು ಸೆಕೆಂಡ್ ಸಾಕು. ಲೆಕ್ಕ ಹಾಕಿ ನೋಡಿ: 2,000 ಲೆಕ್ಕ, ಪ್ರತಿಯೊಂದಕ್ಕೂ ಎರಡು ಚಿತ್ರ, ಒಟ್ಟು 6,000 ಬೇಡಿಕೆ. ಸೆಕೆಂಡಿಗೊಂದರಂತೆ 1 ಗಂಟೆ 40 ನಿಮಿಷ. ಇದಕ್ಕಿಂತ ಅವಸರ ಮಾಡಿದರೆ ಸಣ್ಣ ಸರ್ವರ್ ಕುಸಿಯುತ್ತದೆ, ಇಲ್ಲವೇ ನಿಮ್ಮ ಐಪಿ ವಿಳಾಸವನ್ನು ತಡೆಹಿಡಿಯುತ್ತಾರೆ. ಮುಚ್ಚುವ ಸುದ್ದಿ ಹರಡಿದ ವಾರದಲ್ಲಿ ಇಪ್ಪತ್ತು ಜನ ಒಟ್ಟಿಗೆ ಇಳಿಸಲು ಹೊರಡುತ್ತಾರೆ ಎಂಬುದೂ ನೆನಪಿರಲಿ. ಒಬ್ಬರು ಇಳಿಸಿ ಉಳಿದವರಿಗೆ ಹಂಚುವುದು ಮರ್ಯಾದೆ.

ಎಲ್ಲ ಸಬ್ಮಿಷನ್, ಅಂದರೆ ಬಳಕೆದಾರರು ಕಳಿಸಿದ ಉತ್ತರಗಳ ಪುಟಗಳನ್ನೂ ತರುತ್ತೇನೆಂದರೆ ಕಥೆ ಬೇರೆ. 5 ಲಕ್ಷ ಸಬ್ಮಿಷನ್‌ಗೆ ಇದೇ ವೇಗದಲ್ಲಿ ಸುಮಾರು ಆರು ದಿನ ಬೇಕು. ಅಷ್ಟು ದಿನ ಇಲ್ಲದಿದ್ದರೆ ಲೆಕ್ಕದ ಪುಟಗಳು ಮೊದಲು, ವಿವರಣೆಗಳು ಆಮೇಲೆ, ಸಬ್ಮಿಷನ್ ಕೊನೆಗೆ.

## ಇಳಿಸಿದ್ದು ಎಲ್ಲಿ ಕೈಕೊಡುತ್ತದೆ

ಮೊದಲ ಬಲೆ, ವಿಂಗಡಣೆಯ ಲಿಂಕ್‌ಗಳು. ಲೆಕ್ಕಗಳ ಪಟ್ಟಿ 40 ಪುಟ ಇದೆ, ಐದು ಕಾಲಂಗಳಲ್ಲಿ ಯಾವುದನ್ನು ಒತ್ತಿದರೂ ಏರಿಕೆ ಇಳಿಕೆಯ ಕ್ರಮದಲ್ಲಿ ಜೋಡಿಸಬಹುದು ಎಂದುಕೊಳ್ಳಿ. ಇಳಿಸುವ ಪ್ರೋಗ್ರಾಂಗೆ ಇವೆಲ್ಲ ಬೇರೆ ಬೇರೆ ವಿಳಾಸ. ಅದೇ ಪಟ್ಟಿಯನ್ನು 400 ಸಲ ತರುತ್ತದೆ. ವಿಳಾಸದಲ್ಲಿ ವಿಂಗಡಣೆಯ ಪದವಿದ್ದರೆ ಬಿಟ್ಟುಬಿಡು ಎಂದು ಮೊದಲೇ ಹೇಳಬೇಕು. ಲಾಗಿನ್ ಆಗಿ ಇಳಿಸುವವರು ‘ಲಾಗೌಟ್’ ಲಿಂಕನ್ನೂ ಬಿಡಿಸಬೇಕು. ಪ್ರೋಗ್ರಾಂ ಅದನ್ನೂ ಶ್ರದ್ಧೆಯಿಂದ ಒತ್ತುತ್ತದೆ. ಅಲ್ಲಿಂದ ಮುಂದಿನ ಎರಡು ಸಾವಿರ ಪುಟಗಳೂ ‘ದಯವಿಟ್ಟು ಲಾಗಿನ್ ಆಗಿ’ ಎಂಬ ಒಂದೇ ಪುಟ.

ಎರಡನೆಯದು, ಜಾವಾಸ್ಕ್ರಿಪ್ಟ್. ಹೊಸ ಬಗೆಯ ತಾಣಗಳಲ್ಲಿ ಸರ್ವರ್ ಕಳಿಸುವುದು ಖಾಲಿ ಚೌಕಟ್ಟು, ಪದಾರ್ಥವನ್ನು ಆಮೇಲೆ ಬ್ರೌಸರ್ ತುಂಬಿಕೊಳ್ಳುತ್ತದೆ. ಡಬ್ಲ್ಯೂಗೆಟ್‌ಗೆ ಸಿಗುವುದು ಖಾಲಿ ತಟ್ಟೆ. ಇಂಥಲ್ಲಿ ನಿಜವಾದ ಬ್ರೌಸರನ್ನೇ ಓಡಿಸಿ ಸಂಗ್ರಹಿಸುವ ಬ್ರೌಸರ್‌ಟ್ರಿಕ್ಸ್‌ನಂಥ ಸಾಧನ ಬೇಕು. ನಿಧಾನ, ಆದರೆ ಕಂಡದ್ದೆಲ್ಲ ಬರುತ್ತದೆ.

ಮೂರನೆಯದು ಗಣಿತ. ಸೂತ್ರಗಳನ್ನು ಚಂದವಾಗಿ ತೋರಿಸುವ ಮ್ಯಾಥ್‌ಜಾಕ್ಸ್ ಎಂಬ ಲೈಬ್ರರಿಯನ್ನು ಬಹಳ ತಾಣಗಳು ಬೇರೆ ಸರ್ವರ್‌ನಿಂದ ತರಿಸಿಕೊಳ್ಳುತ್ತವೆ. ಆ ಯೋಜನೆಯ ಸ್ವಂತ ವಿತರಣಾ ಸರ್ವರನ್ನು 2017ರ ಏಪ್ರಿಲ್ 30ರಂದು ನಿಲ್ಲಿಸಿ, ಹಳೆಯ ವಿಳಾಸಕ್ಕೆ ಬಂದವರನ್ನು ಬೇರೆಡೆಗೆ ತಿರುಗಿಸಬೇಕಾಯಿತು. ನಿಮ್ಮ ಸಂಗ್ರಹ ಯಾವುದೇ ಹೊರಗಿನ ಸರ್ವರ್‌ಗೆ ಕೈ ಚಾಚಬಾರದು. ಲೈಬ್ರರಿಯ ಪ್ರತಿ ಸಂಗ್ರಹದ ಒಳಗೇ ಇರಲಿ. ಸೂತ್ರ ಕೆಟ್ಟರೆ ಲೆಕ್ಕದ ಅರ್ಥವೇ ಕೆಡುತ್ತದೆ. ‘10ರ ಘಾತ 5’ ಎಂಬುದು ಬರೀ ಅಕ್ಷರವಾಗಿ ನಕಲಾದಾಗ ಘಾತ ಕೆಳಗಿಳಿದು ‘105’ ಆಗುತ್ತದೆ. ಒಂದು ಲಕ್ಷ ಸಂಖ್ಯೆಗಳ ಲೆಕ್ಕ ನೂರೈದು ಸಂಖ್ಯೆಗಳ ಲೆಕ್ಕವಾಗಿ, ಮಕ್ಕಳಾಟದಷ್ಟು ಸುಲಭವಾಗಿ ಕಾಣುತ್ತದೆ. ಇಳಿಸಿದ ಮೇಲೆ ಹುಡುಕಿ ನೋಡಬೇಕಾದ ತಪ್ಪುಗಳಲ್ಲಿ ನನ್ನ ಪ್ರಕಾರ ಇದೇ ಮೊದಲು.

ಅಕ್ಷರ ಸಂಕೇತದ ಗೋಜಲನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಯುನಿಕೋಡ್‌ಗೆ ಮುಂಚೆ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪುಟಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೇಗೆ ಕಾಣುತ್ತವೆಂದು ನೋಡಿದ್ದೇವೆ. ಹಳೆಯ ರಷ್ಯನ್, ಜಪಾನಿ ಲೆಕ್ಕಗಳ ಪುಟಗಳಿಗೂ ಅದೇ ಗತಿ. ಮೂಲ ಬೈಟ್‌ಗಳನ್ನು ಹಾಗೇ ಇಟ್ಟು, ಪರಿವರ್ತಿಸಿದ ಪ್ರತಿಯನ್ನು ಪಕ್ಕದಲ್ಲಿ ಬೇರೆಯಾಗಿ ಇಡಬೇಕು.

## ಕೀ ಉತ್ತರದ ಜೋಪಾನ

ಟೆಸ್ಟ್ ಡೇಟಾ ಕೈಗೆ ಬಂತೆಂದುಕೊಳ್ಳೋಣ. ಇಲ್ಲಿಂದ ಮುಂದೆ ಅದನ್ನು ಹಾಳುಮಾಡುವ ಮೊದಲ ಶತ್ರು ನಮ್ಮದೇ ಗಿಟ್, ಅಂದರೆ ಫೈಲ್‌ಗಳ ಬದಲಾವಣೆಯ ದಾಖಲೆ ಇಡುವ ಸಾಧನ. ವಿಂಡೋಸ್‌ನಲ್ಲಿ ಗಿಟ್ ಸಾಲಿನ ಕೊನೆಯ ಗುರುತನ್ನು ತಾನಾಗಿಯೇ ಬದಲಿಸುವ ಸೆಟ್ಟಿಂಗ್ ಹಾಕಿಕೊಂಡಿರುವುದು ಸಾಮಾನ್ಯ. ಕಣ್ಣಿಗೆ ಏನೂ ವ್ಯತ್ಯಾಸ ಕಾಣದು, ಆದರೆ ಪ್ರತಿ ಸಾಲಿಗೂ ಒಂದು ಬೈಟ್ ಹೆಚ್ಚು. ಅಕ್ಷರ ಅಕ್ಷರ ಹೋಲಿಸುವ ಚೆಕರ್ ಆಗ ಸರಿಯುತ್ತರವನ್ನೂ ತಪ್ಪು ಎನ್ನುತ್ತದೆ. ಗಿಟ್ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಟೆಸ್ಟ್ ಫೋಲ್ಡರನ್ನು ‘ಟೆಕ್ಸ್ಟ್ ಅಲ್ಲ’ ಎಂದು ಗುರುತಿಸಿದರೆ ಗಿಟ್ ಅದನ್ನು ಮುಟ್ಟುವುದಿಲ್ಲ. ಈ ಗುರುತು ಮೊದಲ ಕಮಿಟ್‌ಗೂ, ಅಂದರೆ ಫೈಲ್‌ಗಳನ್ನು ಗಿಟ್‌ನಲ್ಲಿ ಮೊದಲ ಸಲ ದಾಖಲಿಸುವುದಕ್ಕೂ ಮೊದಲೇ ಬೀಳಬೇಕು. ಗಿಟ್‌ಹಬ್ 100 ಎಂಬಿ ಮೀರಿದ ಫೈಲನ್ನು ಒಪ್ಪುವುದಿಲ್ಲ ಎಂಬುದೂ ತಲೆಯಲ್ಲಿರಲಿ. ದೊಡ್ಡ ಫೈಲ್‌ಗಳನ್ನು ಜಿಪ್ ಮಾಡಿ ‘ರಿಲೀಸ್’ ವಿಭಾಗಕ್ಕೆ ಸೇರಿಸಿದರೆ ಒಂದೊಂದು 2 ಜಿಬಿ ಒಳಗಿದ್ದರೆ ಸಾಕು.

ಇನ್ನು ಚೆಕರ್. ‘3 7 4 6 ಈ ಪಟ್ಟಿಯಲ್ಲಿ ಕೂಡಿದರೆ 10 ಬರುವ ಯಾವುದಾದರೂ ಎರಡು ಸಂಖ್ಯೆ ಕೊಡಿ’ ಎಂಬ ಲೆಕ್ಕ ತೆಗೆದುಕೊಳ್ಳಿ. 3 ಮತ್ತು 7 ಸರಿ. 4 ಮತ್ತು 6 ಕೂಡ ಸರಿ. 7 ಮತ್ತು 3 ಎಂದು ತಿರುಗಿಸಿ ಬರೆದರೂ ಸರಿ. ಔಟ್‌ಪುಟ್ ಫೈಲಿನಲ್ಲಿ ಇರುವುದು ‘3 7’ ಒಂದೇ. ಚೆಕರ್ ಕಳೆದುಹೋಗಿ, ಬರೀ ಫೈಲ್ ಹೋಲಿಸುವ ಕೆಲಸ ಉಳಿದರೆ, ಸರಿಯಾಗಿ ಬಿಡಿಸಿದ ಹುಡುಗಿಗೂ ‘ರಾಂಗ್ ಆನ್ಸರ್’ ಬರುತ್ತದೆ. ಅವಳು ಇಡೀ ಸಂಜೆ ಇಲ್ಲದ ತಪ್ಪನ್ನು ಹುಡುಕುತ್ತಾಳೆ. ದಶಮಾಂಶ ಉತ್ತರಗಳಲ್ಲೂ ಹೀಗೆಯೇ. ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಒಪ್ಪಬೇಕು ಎಂಬ ನಿಯಮ ಇರುವುದು ಚೆಕರ್‌ನಲ್ಲೇ.

ಟೆಸ್ಟ್ ಡೇಟಾ ಸಿಗಲೇ ಇಲ್ಲವೆಂದರೆ? ಹೊಸದಾಗಿ ತಯಾರಿಸಬಹುದು, ಶ್ರಮದ ಕೆಲಸ. ಮಿತಿಗಳನ್ನು ನೋಡಿ ಇನ್‌ಪುಟ್ ಹುಟ್ಟಿಸುವ ಒಂದು ಜನರೇಟರ್ ಬರೆಯಬೇಕು. ಹುಟ್ಟಿದ ಇನ್‌ಪುಟ್ ನಿಯಮದೊಳಗಿದೆಯೇ ಎಂದು ನೋಡುವ ವ್ಯಾಲಿಡೇಟರ್ ಇನ್ನೊಂದು. ಆಮೇಲೆ ಒಬ್ಬರನ್ನೊಬ್ಬರು ನೋಡದೆ ಇಬ್ಬರು ಬಿಡಿಸಿದ ಎರಡು ಉತ್ತರಗಳನ್ನು ಓಡಿಸಿ, ಎರಡೂ ಒಂದೇ ಔಟ್‌ಪುಟ್ ಕೊಟ್ಟದ್ದನ್ನು ಮಾತ್ರ ಇಟ್ಟುಕೊಳ್ಳಬೇಕು. ಒಂದೇ ಸಂಖ್ಯೆ ಇರುವ ಪಟ್ಟಿ, ಎಲ್ಲ ಸಂಖ್ಯೆ ಸಮನಾಗಿರುವ ಪಟ್ಟಿ, ಮಿತಿಯ ತುದಿಗೆ ತಾಗುವ ಪಟ್ಟಿ, ಇವು ಕಡ್ಡಾಯ. 100 ಕೋಟಿಯ ಸಂಖ್ಯೆಗಳು ಒಂದು ಲಕ್ಷ ಇದ್ದರೆ ಮೊತ್ತ 1ರ ಮುಂದೆ 14 ಸೊನ್ನೆ. ಪೂರ್ಣಾಂಕ ಇಡುವ 32 ಬಿಟ್‌ನ ‘ಇಂಟ್’ ಸುಮಾರು 214 ಕೋಟಿಗೇ ಸುಸ್ತಾಗುತ್ತದೆ. ಈ ತಪ್ಪನ್ನು ಹಿಡಿಯದ ಟೆಸ್ಟ್ ಇದ್ದೂ ಇಲ್ಲದಂತೆ. ಅದಕ್ಕೇ ತಪ್ಪು ಎಂದು ಗೊತ್ತಿರುವ ಕೆಲವು ಕೋಡ್‌ಗಳನ್ನೂ ಬೇಕೆಂದೇ ಉಳಿಸಿಕೊಳ್ಳಬೇಕು. ಹೊಸ ಟೆಸ್ಟ್ ಅವನ್ನು ಬೀಳಿಸುತ್ತದೆಯೇ ಎಂದು ನೋಡಲು ಅವೇ ಒರೆಗಲ್ಲು.

ಉತ್ತರ ಒಂದೇ ಒಂದು ಸಂಖ್ಯೆಯಾಗಿರುವ ತಾಣಗಳು ಬೇರೆ ಜಾತಿ. 2001ರಲ್ಲಿ ಶುರುವಾದ ಪ್ರಾಜೆಕ್ಟ್ ಆಯ್ಲರ್ ಈ ಬಗೆಯದು. ಕೋಡ್ ನಿಮ್ಮ ಯಂತ್ರದಲ್ಲೇ ಓಡುತ್ತದೆ, ತಾಣಕ್ಕೆ ಕೊಡುವುದು ಸಂಖ್ಯೆ ಮಾತ್ರ. ಇಂಥದ್ದಕ್ಕೆ ಜಡ್ಜ್ ಬೇಡ. ಉತ್ತರದ ಬದಲು ಅದರ ಹ್ಯಾಶ್ ಇಟ್ಟರೆ, ಅಂದರೆ ಹಿಂದಿರುಗಿಸಲಾಗದಂತೆ ಕಲಸಿದ ರೂಪ ಇಟ್ಟರೆ, ಉತ್ತರ ಬಯಲಾಗದೆ ತಾಳೆ ನೋಡಬಹುದು. ಆದರೆ ಆರು ಅಂಕಿಯ ಉತ್ತರವಾದರೆ ಹತ್ತು ಲಕ್ಷ ಸಾಧ್ಯತೆಗಳಷ್ಟೇ. ಎಲ್ಲವನ್ನೂ ಕಲಸಿ ನೋಡಲು ಮಾಮೂಲಿ ಲ್ಯಾಪ್‌ಟಾಪ್‌ಗೆ ಕೆಲವೇ ಸೆಕೆಂಡ್ ಸಾಕು. ಅಭ್ಯಾಸಕ್ಕೆ ಬಂದವರು ಅಷ್ಟು ಕಷ್ಟಪಟ್ಟು ತಮಗೇ ಮೋಸ ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಲಿ.

## ಜಡ್ಜ್ ಮತ್ತೆ ಓಡಬೇಕೇ

ಸಂಬಳವಿಲ್ಲದೆ ನೋಡಿಕೊಳ್ಳಲು ತೀರ ಕಷ್ಟದ ಭಾಗ ಇದು. ಗುರುತಿಲ್ಲದವರ ಕೋಡನ್ನು ನಿಮ್ಮ ಸರ್ವರ್‌ನಲ್ಲಿ ಹಗಲೂ ರಾತ್ರಿ ಓಡಿಸುವುದೆಂದರೆ ಮನೆ ಬಾಗಿಲು ತೆರೆದಿಟ್ಟು ಕಾವಲು ಕೂತಂತೆ. ಹಿಂದಿನವರು ದಣಿದದ್ದೂ ಬಹುಶಃ ಇಲ್ಲಿಯೇ. ಓಡಿಸಲೇಬೇಕೆಂದರೆ ಡಿಎಂಒಜೆ, ಡಾಮ್‌ಜಡ್ಜ್‌ನಂಥ ಮುಕ್ತ ತಂತ್ರಾಂಶಗಳಿವೆ. ಹಳೆಯ ಕೋಡನ್ನು ಎಬ್ಬಿಸುವ ಬದಲು ಲೆಕ್ಕಗಳನ್ನು ಅವುಗಳ ರೂಪಕ್ಕೆ ತರುವುದು ಜಾಣತನ. ಇನ್ನೊಂದು ದಾರಿ, ಟೆಸ್ಟ್ ಡೇಟಾವನ್ನೇ ಬಹಿರಂಗ ಮಾಡಿ, ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಓಡಿಸಿ ನೋಡುವಂಥ ಸಣ್ಣ ಸ್ಕ್ರಿಪ್ಟ್ ಕೊಡುವುದು. ಸ್ಪರ್ಧೆ ಮುಗಿದ ಮೇಲೆ ಗುಟ್ಟಿಗೆ ಬೆಲೆಯಿಲ್ಲ. ನನಗೆ ಇದೇ ಮೇಲು ಅನ್ನಿಸುತ್ತದೆ.

ಹೇಗೆ ಮಾಡಿದರೂ ಸಮಯದ ಮಿತಿ ಹಳತಾಗಿರುತ್ತದೆ. ಇಪ್ಪತ್ತು ವರ್ಷದ ಹಿಂದಿನ ಯಂತ್ರಕ್ಕೆ ಕೊಟ್ಟ 3 ಸೆಕೆಂಡ್‌ನಲ್ಲಿ ಇಂದಿನ ಯಂತ್ರ ಒಡ್ಡೊಡ್ಡಾದ ಕೋಡನ್ನೂ ದಾಟಿಸಿಬಿಡುತ್ತದೆ. ಸರಿಯಾದ ಕೋಡ್ ಈಗ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅಳೆದು, ಅದರ ಎರಡು ಮೂರು ಪಟ್ಟನ್ನು ಹೊಸ ಮಿತಿ ಮಾಡುವುದು ರೂಢಿ. ಹಳೆಯ ಉತ್ತರಗಳೂ ಹೊಸ ಕಂಪೈಲರ್‌ನಲ್ಲಿ ಮುಗ್ಗರಿಸುತ್ತವೆ. ‘ಗೆಟ್ಸ್’ ಎಂಬ ಸಿ ಫಂಕ್ಷನ್ 2011ರ ಮಾನಕದಿಂದಲೇ ಹೊರಬಿದ್ದಿದೆ, ಪೈಥಾನ್ 2 ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ. ನಮ್ಮ ಕಾಲೇಜುಗಳ ಟರ್ಬೊ ಸಿ ಕಾಲದ, ‘ಕೋನಿಯೊ’ ಎಂಬ ಲೈಬ್ರರಿ ಬಳಸಿದ ಕೋಡ್‌ಗಳಂತೂ ಆಗಲೂ ಹೆಚ್ಚಿನ ಜಡ್ಜ್‌ಗಳಲ್ಲಿ ಓಡುತ್ತಿರಲಿಲ್ಲ.

## ಹೆಸರು, ಹಕ್ಕು, ವಿಳಾಸ

ಬಳಕೆದಾರರ ಇ-ಮೇಲ್, ಪಾಸ್‌ವರ್ಡ್ ಹ್ಯಾಶ್, ಐಪಿ ವಿಳಾಸ ಸಂಗ್ರಹಕ್ಕೆ ಬರಲೇಬಾರದು. ಹಳೆಯ ತಾಣಗಳು ಎಂಡಿ5ನಂಥ ದುರ್ಬಲ ಹ್ಯಾಶ್ ಬಳಸಿರುತ್ತವೆ. ಅದೇ ಪಾಸ್‌ವರ್ಡ್ ಬೇರೆಡೆಯೂ ಬಳಸಿದವರ ಬಾಗಿಲು ತೆರೆದುಕೊಳ್ಳುತ್ತದೆ. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ಕೂಡ ಇಂಥ ಮಾಹಿತಿಯ ಬಳಕೆಗೆ ಕಟ್ಟುಪಾಡು ಹಾಕಿದೆ. ಲೆಕ್ಕದ ಪಠ್ಯದ ಹಕ್ಕು ಬರೆದವರದ್ದು. ಪ್ರಾಜೆಕ್ಟ್ ಆಯ್ಲರ್ ತನ್ನ ಲೆಕ್ಕಗಳನ್ನು ವಾಣಿಜ್ಯೇತರ ಬಳಕೆಗೆ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಬಿಟ್ಟಿದೆ. ಅಡ್ವೆಂಟ್ ಆಫ್ ಕೋಡ್ ತನ್ನ ಪಠ್ಯವನ್ನೂ ಇನ್‌ಪುಟ್‌ಗಳನ್ನೂ ನಕಲು ಮಾಡಿ ಹಂಚಬೇಡಿ ಎನ್ನುತ್ತದೆ. ಒಪ್ಪಿಗೆ ಸಿಗದ ಲೆಕ್ಕದ ಜಾಗದಲ್ಲಿ ಹೆಸರು, ಲೇಖಕರು, ವೇಬ್ಯಾಕ್ ಪ್ರತಿಯ ಲಿಂಕ್ ಇಷ್ಟೇ ಇಡಿ.

ಡೊಮೇನ್ ಬಗ್ಗೆ ಒಂದು ಮಾತು. ಬಿಟ್ಟುಹೋದ ಹೆಸರನ್ನು ಜೂಜಿನ ತಾಣಗಳು ಕಾದು ಹಿಡಿಯುತ್ತವೆ, ಏಕೆಂದರೆ ಅದರ ಕಡೆಗೆ ಸಾವಿರಾರು ಹಳೆಯ ಲಿಂಕ್‌ಗಳಿರುತ್ತವೆ. ‘ಡಾಟ್ ಕಾಮ್’ ಹೆಸರಿನ ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನ ನವೀಕರಣದ ಅವಕಾಶ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳುವ 30 ದಿನ, ಕೊನೆಗೆ 5 ದಿನ ಕಳೆದು ಸಂತೆಗೆ ಬೀಳುತ್ತದೆ. ಅದಕ್ಕೂ ಮೊದಲೇ ನಡೆಸುವವರು ಬೀಗ ತೆಗೆದು ವರ್ಗಾವಣೆಯ ಕೋಡ್ ಕೊಟ್ಟರೆ, ಹಳೆಯ ಲಿಂಕ್‌ಗಳೆಲ್ಲ ಹೊಸ ಸಂಗ್ರಹಕ್ಕೆ ತಿರುಗುತ್ತವೆ. ಸಂಗ್ರಹ ಬರೀ ಪುಟಗಳಾಗಿದ್ದರೆ ಗಿಟ್‌ಹಬ್ ಪೇಜಸ್‌ನಲ್ಲಿ 1 ಜಿಬಿವರೆಗೆ ಬಿಟ್ಟಿಯಾಗಿಯೇ ಇಡಬಹುದು. ಪೂರ್ತಿ ಗಂಟಿನ ಒಂದು ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ, ಒಂದು ಬೇರೆ ಊರಿನವರ ಡಿಸ್ಕ್‌ನಲ್ಲಿ ಇರಲಿ. ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್‌ಗಳ ಪಟ್ಟಿ ಜೊತೆಗಿದ್ದರೆ ಯಾವ ಪ್ರತಿ ಕೆಟ್ಟಿದೆ ಎಂದು ಯಾವಾಗ ಬೇಕಾದರೂ ತಿಳಿಯಬಹುದು.

ಎಲ್ಲ ಮುಗಿದ ಮೇಲೆ, ತಾಣ ಇನ್ನೂ ಬದುಕಿರುವಾಗಲೇ, ಈ ಕೆಲಸದಲ್ಲಿ ಇಲ್ಲದ ಒಬ್ಬರ ಲ್ಯಾಪ್‌ಟಾಪ್‌ಗೆ ಸಂಗ್ರಹವನ್ನು ಹಾಕಿ, ವೈಫೈ ಆರಿಸಿ. ಕಣ್ಣು ಮುಚ್ಚಿ ಹತ್ತು ಲೆಕ್ಕ ಆರಿಸಿ ತೆರೆಯಲಿ. ಚಿತ್ರ, ಸೂತ್ರ ಸರಿಯಿವೆಯೇ ನೋಡಲಿ. ಪ್ರತಿಯೊಂದಕ್ಕೂ ಒಂದು ಸರಿಯಾದ ಕೋಡ್, ಒಂದು ತಪ್ಪು ಕೋಡ್ ಓಡಿಸಲಿ. ಸರಿಯಾದದ್ದು ಬಿದ್ದರೆ ಮೊದಲು ಸಾಲಿನ ಕೊನೆಯ ಬೈಟ್ ನೋಡಿ, ಆಮೇಲೆ ಚೆಕರ್. ತಪ್ಪು ಕೋಡ್ ಪಾಸಾದರೆ ಟೆಸ್ಟ್ ಫೈಲ್‌ಗಳಲ್ಲಿ ಯಾವುದೋ ಬಿಟ್ಟುಹೋಗಿದೆ. ನಡೆಸುವವರಿಗೆ ಇನ್ನೊಂದು ಪತ್ರ ಬರೆಯಲು ಆಗಿನ್ನೂ ಸಮಯವಿರುತ್ತದೆ.